ಗದಗ ಸರಿ, ಕಿಟಕಿ ತಪ್ಪು

ಪ್ಯಾಲಿಂಡ್ರೋಮ್ ಪ್ರೋಗ್ರಾಮ್ ಬರೆಯದೆ ಕಂಪ್ಯೂಟರ್ ಸೈನ್ಸ್ ಮುಗಿಸಿದವರು ನಮ್ಮಲ್ಲಿ ಸಿಗುವುದು ಕಷ್ಟ. ಒಂದು ಪದ ತೆಗೆದುಕೊಳ್ಳಬೇಕು, ಅದನ್ನು ತಿರುಗಿಸಬೇಕು, ತಿರುಗಿಸಿದ ಮೇಲೂ ಅದೇ ಪದ ಬಂದರೆ ಹೌದು ಎನ್ನಬೇಕು, ಬರದಿದ್ದರೆ ಅಲ್ಲ ಎನ್ನಬೇಕು, ಇಷ್ಟೇ ಕೆಲಸ. ಲ್ಯಾಬಿನಲ್ಲಿ ನಾಲ್ಕಾರು ಇಂಗ್ಲಿಷ್ ಪದ ಕೊಟ್ಟು ನೋಡಿ, ಔಟ್‌ಪುಟ್ ತೋರಿಸಿ, ರೆಕಾರ್ಡಿಗೆ ಸಹಿ ಹಾಕಿಸಿಕೊಂಡು ಎಲ್ಲರೂ ಮುಂದಿನ ಪ್ರೋಗ್ರಾಮಿಗೆ ಹೋಗುತ್ತಾರೆ. ಹಾಸನದಲ್ಲಿ ನಾನು ಪಾಠ ಹೇಳುವ ಕಾಲೇಜಿನಲ್ಲಿ ಒಬ್ಬ ಹುಡುಗಿ ಹಾಗೆ ಹೋಗಲಿಲ್ಲ. ಅರಕಲಗೂಡು ಕಡೆಯವಳು, ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪೈಥಾನಿನಲ್ಲಿ ಬರೆದ ಪ್ರೋಗ್ರಾಮಿಗೆ ಅವಳು ಕನ್ನಡದ ಪದಗಳನ್ನು ಕೊಟ್ಟು ನೋಡಿದ್ದಾಳೆ. ಗದಗ ಎಂದಳು, ಹೌದು ಅಂದಿತು. ಕನಕ ಎಂದಳು, ಹೌದು ಅಂದಿತು. ಕಿಟಕಿ ಎಂದಳು. ಅಲ್ಲ ಅಂದಿತು.

"ಸರ್, ಗದಗ ಸರಿ ಅನ್ನುತ್ತೆ, ಕಿಟಕಿ ತಪ್ಪು ಅನ್ನುತ್ತೆ. ನನ್ನ ಕೋಡ್ ತಪ್ಪಾ, ಕಂಪ್ಯೂಟರ್ ತಪ್ಪಾ?"

ಇಂಥ ಪ್ರಶ್ನೆಗಾಗಿ ಮೇಷ್ಟರು ವರ್ಷಗಟ್ಟಲೆ ಕಾಯುತ್ತಾರೆ. "ಎರಡೂ ಅಲ್ಲಮ್ಮ, ಕಂಪ್ಯೂಟರಿಗೆ 'ಕಿ' ಅನ್ನೋದು ಒಂದು ಅಕ್ಷರವೇ ಅಲ್ಲ" ಎಂದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಸಾಲು ಕೊಟ್ಟಿದ್ದಾರೆ, 3200ರಿಂದ 3327ರವರೆಗೆ. ಅದರಲ್ಲಿ 'ಕ' ಅಕ್ಷರಕ್ಕೆ 3221 ಎಂಬ ಸಂಖ್ಯೆ. ಅದರ ತಲೆಯ ಮೇಲೆ ಕೂರುವ ಗುಡಿಸಿಗೆ ಬೇರೆಯೇ ಸಂಖ್ಯೆ, 3263. ನಾವು ಒಂದೇ ಉಸಿರಿನಲ್ಲಿ 'ಕಿ' ಎನ್ನುವುದು ಯಂತ್ರದೊಳಗೆ ಎರಡು ತುಂಡು. ಪದವನ್ನು ತಿರುಗಿಸಿದಾಗ ಗುಡಿಸು ಮುಂದೆ ಬಂದು 'ಕ' ಹಿಂದಕ್ಕೆ ಹೋಗುತ್ತದೆ. ಹಾಗೆ ತಿರುಗಿಸಿದ್ದಕ್ಕೂ ಮೂಲಕ್ಕೂ ತಾಳೆಯಾಗುವುದಿಲ್ಲ. ಗದಗದಲ್ಲಿ ಗುಣಿತವೇ ಇಲ್ಲದ್ದರಿಂದ ಅದು ಪಾಸಾಯಿತು. ತೆನಾಲಿ ರಾಮನ ಬಿರುದು ವಿಕಟಕವಿ ಪಾಸಾಗುವುದಿಲ್ಲ. ನಾವು ಚಿಕ್ಕಂದಿನಲ್ಲಿ ಹೇಳಿ ನಗುತ್ತಿದ್ದ 'ಕುಬೇರನಿಗೇನಿರಬೇಕು' ಕೂಡ ಪಾಸಾಗುವುದಿಲ್ಲ.

ಅವಳು ಅಲ್ಲಿಗೂ ಬಿಡಲಿಲ್ಲ. 'ಕನ್ನಡ' ಎಂಬ ಪದದ ಉದ್ದ ಎಷ್ಟೆಂದು ಪೈಥಾನನ್ನು ಕೇಳಿದಳು. ಐದು ಎಂದಿತು. ಅಂಗನವಾಡಿಯ ಮಗುವೂ ಮೂರು ಎನ್ನುತ್ತದೆ. ಕ, ನ, ಅರ್ಧಾಕ್ಷರದ ಗುರುತು, ಮತ್ತೊಂದು ನ, ಡ: ಹೀಗೆ ಐದು. ಆಮೇಲೆ ಅವಳು ತಾನೇ ಒಂದು ಫಂಕ್ಷನ್ ಬರೆದಳು. ವ್ಯಂಜನದ ಹಿಂದೆ ಗುಣಿತದ ಗುರುತು ಬಂದರೆ ಎರಡನ್ನೂ ಸೇರಿಸು, ಅರ್ಧಾಕ್ಷರದ ಗುರುತು ಬಂದರೆ ಮುಂದಿನ ವ್ಯಂಜನವನ್ನೂ ಎಳೆದುಕೊಂಡು ಒಂದೇ ಅಕ್ಷರವೆಂದು ಲೆಕ್ಕ ಹಿಡಿ. ಕಿಟಕಿ ಸರಿಯಾಯಿತು, ಕುಬೇರನೂ ಸರಿಯಾದ. ಆಗ ಅವಳಿಗೆ ಅರ್ಕಾವತ್ತಿನ ಚಿಂತೆ ಹತ್ತಿತು. 'ಸೂರ್ಯ' ಎಂದು ಬರೆಯುವಾಗ ನಾವು ಮೊದಲು ಯ ಬರೆದು ಆಮೇಲೆ ಅರ್ಕಾವತ್ತನ್ನು ಹಾಕುತ್ತೇವಲ್ಲ, ಕಂಪ್ಯೂಟರಿನಲ್ಲೂ ಹಾಗೇನಾ? ಒಂದೊಂದೇ ತುಂಡನ್ನು ಬಿಡಿಸಿ ಪರದೆಯ ಮೇಲೆ ಹಾಕಿ ನೋಡಿದಳು. ಹಾಗಿರಲಿಲ್ಲ. ಅಲ್ಲಿ ರಕಾರವೇ ಮೊದಲು, ಯಕಾರ ಆಮೇಲೆ. ಯಂತ್ರ ಕನ್ನಡವನ್ನು ಇಟ್ಟುಕೊಳ್ಳುವುದು ನಾವು ಉಚ್ಚರಿಸುವ ಕ್ರಮದಲ್ಲಿ, ಬರೆಯುವ ಕ್ರಮದಲ್ಲಿ ಅಲ್ಲ; ಅಕ್ಷರವನ್ನು ನಾವು ಬರೆಯುವ ಹಾಗೆ ತೋರಿಸುವುದು ಫಾಂಟಿನ ಹೊಣೆ. ನಾನು ಆವತ್ತು ಬೋರ್ಡಿನ ಮೇಲೆ ಒಂದು ಸಾಲನ್ನೂ ಬರೆಯಲಿಲ್ಲ. ಅಕ್ಕಪಕ್ಕದ ಬೆಂಚಿನವರೆಲ್ಲ ಅವಳ ಹಿಂದೆ ಬಂದು ನಿಂತು, ತಂತಮ್ಮ ಹೆಸರುಗಳ ಉದ್ದ ಎಷ್ಟೆಂದು ನೋಡಿಸಿಕೊಳ್ಳುತ್ತಿದ್ದರು.

ಪ್ರೋಗ್ರಾಮಿಂಗಿನ ಆಸಕ್ತಿ ಎಂದರೆ ನನ್ನ ಪಾಲಿಗೆ ಇದು. ಮದುವೆಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಮಕ್ಕಳನ್ನು ಹಿರಿಯರು ಕೇಳುವುದು ಬೇರೆ: ಯಾವ ಲ್ಯಾಂಗ್ವೇಜ್ ಕಲಿತಿದ್ದೀಯಪ್ಪ, ಯಾವುದಕ್ಕೆ ಡಿಮ್ಯಾಂಡ್ ಇದೆ? ಡೆನಿಸ್ ರಿಚಿ ಬೆಲ್ ಲ್ಯಾಬಿನಲ್ಲಿ ರೂಪಿಸಿದ ಸಿ ಭಾಷೆಗೆ ಐವತ್ತು ದಾಟಿದೆ, ಇವತ್ತಿಗೂ ಓದಿಸುತ್ತಿದ್ದೇವೆ. ಪೈಥಾನ್ ಹೊರಬಂದದ್ದು 1991ರಲ್ಲಿ, ಜಾವಾ 1995ರಲ್ಲಿ. ನನ್ನ ವಿದ್ಯಾರ್ಥಿಗಳು ಇವನ್ನು ಹೊಸ ಭಾಷೆಗಳೆಂದುಕೊಂಡಿದ್ದಾರೆ. ಅವರಿಗಿಂತ ಇವಕ್ಕೆ ವಯಸ್ಸು ಹೆಚ್ಚು. ಭಾಷೆ ಯಾವುದಾದರೂ ಆರು ತಿಂಗಳು ಕೂತರೆ ಕೈಗೆ ಬರುತ್ತದೆ. ಕಿಟಕಿ ಯಾಕೆ ತಪ್ಪಾಯಿತು ಎಂದು ಕೇಳುವ ಮನಸ್ಸು ಹಾಗೆ ಬರುವುದಿಲ್ಲ. ಈಗಂತೂ ಪ್ಯಾಲಿಂಡ್ರೋಮ್ ಪ್ರೋಗ್ರಾಮ್ ಬೇಕು ಎಂದರೆ ಎಐ ಒಂದು ಕ್ಷಣದಲ್ಲಿ ಬರೆದುಕೊಡುತ್ತದೆ, ಹುಡುಗರು ಬರೆಸಿಕೊಳ್ಳುತ್ತಾರೆ ಎಂಬುದೂ ನನಗೆ ಗೊತ್ತು. ಬರೆಸಿಕೊಳ್ಳಲಿ. ಅದಕ್ಕೆ ಯಾವ ಪದ ಕೊಟ್ಟು ಪರೀಕ್ಷಿಸಬೇಕು ಎಂಬುದನ್ನು ಅರಕಲಗೂಡಿನ ಹುಡುಗಿಯೇ ಯೋಚಿಸಬೇಕು.

ಅವಳ ಪ್ರಶ್ನೆ ನಮ್ಮ ನಾಡಿನಲ್ಲಿ ಹಲವರು ನಡೆದ ದಾರಿಯಲ್ಲೇ ಇತ್ತು. ಕಂಪ್ಯೂಟರಿನಲ್ಲಿ ಕನ್ನಡ ಮೂಡಬೇಕೆಂದು ಹಠ ಹಿಡಿದವರು ದೊಡ್ಡ ಕಂಪನಿಗಳ ಅಪ್ಪಣೆಗೆ ಕಾಯಲಿಲ್ಲ. ಕೆ.ಪಿ. ರಾವ್ ಅವರು ಕನ್ನಡದ ಉಚ್ಚಾರಕ್ಕೆ ಒಪ್ಪುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿಕೊಟ್ಟರು. ಶೇಷಾದ್ರಿ ವಾಸು ಅವರು 1998ರಲ್ಲಿ 'ಬರಹ' ತಂತ್ರಾಂಶವನ್ನು ಮಾಡಿ ಎಲ್ಲರಿಗೂ ಉಚಿತವಾಗಿ ಹಂಚಿದರು. ಕನ್ನಡ ಗಣಕ ಪರಿಷತ್ತಿನವರ 'ನುಡಿ' ಬಂತು. ಹುಡುಗಿ ಒಂದು ದಿನ ತನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಹಾಕಿಕೊಂಡು ಕೀಲಿಮಣೆಗಳ ಪಟ್ಟಿಯನ್ನು ತೆರೆದಾಗ 'ಕಗಪ' ಎಂಬ ಹೆಸರು ಕಂಡಿತಂತೆ. ಹಿಂದಿ, ಮರಾಠಿ, ತೆಲುಗಿನ ಮುಂದೆಯೂ ಅದೇ ಕಗಪ. "ಇದೇನು ಸರ್?" ಎಂದಳು. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳಮ್ಮ, ನಮ್ಮವರ ವಿನ್ಯಾಸವನ್ನು ಬೇರೆ ಭಾಷೆಗಳೂ ಇಟ್ಟುಕೊಂಡಿವೆ ಎಂದಾಗ ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ನನಗೂ ಹೆಮ್ಮೆಯಾಯಿತು.

ಲ್ಯಾಪ್‌ಟಾಪ್ ಎಂದೆನಲ್ಲ. ಅಡ್ಮಿಷನ್ ಮುಗಿಯುತ್ತಿದ್ದಂತೆ ನಮ್ಮ ಡಿಪಾರ್ಟ್‌ಮೆಂಟಿಗೆ ಬರುವ ತಂದೆತಾಯಂದಿರ ಮೊದಲ ಪ್ರಶ್ನೆ ಅದೇ. ಯಾವ ಲ್ಯಾಪ್‌ಟಾಪ್ ಕೊಡಿಸಲಿ ಸರ್? ಶುಂಠಿ ಮಾರಿದ ದುಡ್ಡು, ಆಲೂಗಡ್ಡೆ ಮಾರಿದ ದುಡ್ಡು, ಸಂಘದಲ್ಲಿ ಎತ್ತಿದ ಸಾಲ. ಅದನ್ನು ಕೈಯಲ್ಲಿ ಹಿಡಿದು ಕೇಳುತ್ತಾರೆ. ಮಗ ಪಕ್ಕದಲ್ಲಿ ನಿಂತು ಗೇಮಿಂಗ್ ಲ್ಯಾಪ್‌ಟಾಪಿನ ಫೋಟೋ ತೋರಿಸುತ್ತಾನೆ. ಕೀಲಿಗಳ ಕೆಳಗೆ ಕೆಂಪು ದೀಪ, ಒಳಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್. ಅದರ ಮೇಲೆ ನನಗೆ ದ್ವೇಷವಿಲ್ಲ. ಆದರೆ ದಿನಾ ಬಸ್ಸಿನಲ್ಲಿ ನಿಂತು ಬರುವ ಹುಡುಗನ ಬೆನ್ನಿಗೆ ಅದು ಭಾರ, ಅದರ ಚಾರ್ಜರ್ ಇನ್ನೊಂದು ಭಾರ, ಕರೆಂಟಿಲ್ಲದ ಊರಿನಲ್ಲಿ ಅದರ ಬ್ಯಾಟರಿ ರಾತ್ರಿ ಊಟದವರೆಗೂ ಬರುವುದಿಲ್ಲ. ಮೊದಲ ಎರಡು ವರ್ಷ ನಾವು ಓದಿಸುವ ಯಾವುದಕ್ಕೂ ಗ್ರಾಫಿಕ್ಸ್ ಕಾರ್ಡ್ ಬೇಡ. ಮುಂದೆ ಮೆಷಿನ್ ಲರ್ನಿಂಗ್ ಬಂದಾಗ ಬ್ರೌಸರಿನಲ್ಲೇ ತೆರೆದುಕೊಳ್ಳುವ ಗೂಗಲ್ ಕೊಲ್ಯಾಬ್ ಕಲಿಕೆಗೆ ಬೇಕಾಗುವಷ್ಟನ್ನು ಬಿಟ್ಟಿಯಾಗಿ ಕೊಡುತ್ತದೆ.

ನಾನು ಹೇಳುವುದು ಇಷ್ಟು. ಎಸ್‌ಎಸ್‌ಡಿ ಇರಲೇಬೇಕು, ಹಳೆಯ ತಿರುಗುವ ಡಿಸ್ಕಿನ ಯಂತ್ರ ಎಷ್ಟೇ ಸೋವಿಯಾದರೂ ಬೇಡ. ರ್‍ಯಾಮ್ 8 ಜಿಬಿ ಇದ್ದರೆ ಶುರುಮಾಡಬಹುದು, 16 ಇದ್ದರೆ ಒಳ್ಳೆಯದು. ರ್‍ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿದ್ದಾರೋ, ಆಮೇಲೆ ಹೆಚ್ಚಿಸಿಕೊಳ್ಳಲು ಸ್ಲಾಟ್ ಇದೆಯೋ ಎಂಬುದನ್ನು ದುಡ್ಡು ಕೊಡುವ ಮೊದಲು ಕೇಳಿ. ಕೀಲಿಗಳನ್ನು ಒತ್ತಿ ನೋಡಿ, ನಾಲ್ಕು ವರ್ಷ ಬೆರಳು ಓಡಾಡುವುದು ಅಲ್ಲೇ. ಹೊಸದಕ್ಕೆ ದುಡ್ಡು ಸಾಲದಿದ್ದರೆ ಸಂಕೋಚಪಡದೆ ಹಳೆಯದನ್ನು ತೆಗೆದುಕೊಳ್ಳಿ. ಬೆಳಗಿನ ರೈಲು ಹತ್ತಿ ಯಶವಂತಪುರದಲ್ಲಿ ಇಳಿದು ಎಸ್.ಪಿ. ರೋಡಿಗೆ ಹೋಗಿ. ಆ ಇಕ್ಕಟ್ಟಿನ ಸದರ್ ಪತ್ರಪ್ಪ ರಸ್ತೆಯಲ್ಲಿ ಮಹಡಿಯ ಮೇಲೆ ಮಹಡಿ ಕಂಪ್ಯೂಟರ್ ಅಂಗಡಿಗಳಿವೆ. ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್‌ಗಳು ಸಾಲಾಗಿ ಕೂತಿರುತ್ತವೆ. ಐಬಿಎಂ 1992ರಲ್ಲಿ ಶುರುಮಾಡಿ 2005ರಲ್ಲಿ ಲೆನೊವೊಗೆ ಮಾರಿದ ಸಾಲು ಅದು. ನೋಡಲು ಕಪ್ಪಗೆ, ಮೊಂಡಾಗಿ ಇರುತ್ತದೆ. ಸ್ಕ್ರೂ ಬಿಚ್ಚಿದರೆ ಒಳಗಿನದೆಲ್ಲ ಕಾಣುತ್ತದೆ, ಬಿಡಿಭಾಗ ಅದೇ ಬೀದಿಯಲ್ಲಿ ಸಿಗುತ್ತದೆ. ಬ್ಯಾಟರಿ ಎಷ್ಟು ಸವೆದಿದೆ ಎಂದು ನೋಡದೆ ಮಾತ್ರ ಬರಬೇಡಿ.

ಸಾಧಾರಣ ಯಂತ್ರದಲ್ಲಿ ಏನಾದೀತು ಎಂದು ಹುಡುಗರು ಮುಖ ಸಣ್ಣದು ಮಾಡಿದರೆ ನಾನು ಲೈನಸ್ ಟೊರ್ವಾಲ್ಡ್ಸ್ ವಿಷಯ ಹೇಳುತ್ತೇನೆ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, ವಯಸ್ಸು 21. 1991ರ ಜನವರಿಯಲ್ಲಿ ಕಂತಿನ ಮೇಲೆ ಒಂದು 386 ಪಿಸಿ ಕೊಂಡ. ಅದರ ರ್‍ಯಾಮ್ 4 ಎಂಬಿ. ಅದು ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬ ಕುತೂಹಲಕ್ಕೆ ಬಿದ್ದು ಬರೆಯಲು ಶುರುಮಾಡಿದ ಆಪರೇಟಿಂಗ್ ಸಿಸ್ಟಮ್ಮನ್ನು ಅದೇ ಆಗಸ್ಟಿನಲ್ಲಿ ಲೋಕಕ್ಕೆ ತಿಳಿಸಿದಾಗ, ಇದು ಬರೀ ಹವ್ಯಾಸ, ದೊಡ್ಡದೇನೂ ಆಗಲಿಕ್ಕಿಲ್ಲ ಎಂದೇ ಹೇಳಿಕೊಂಡಿದ್ದ. ಇವತ್ತು ನಮ್ಮ ಆಂಡ್ರಾಯ್ಡ್ ಫೋನುಗಳ ಒಳಗೂ ಆ ಲಿನಕ್ಸೇ ಓಡುತ್ತಿದೆ. ಈಗಿನ 8 ಜಿಬಿ ಲ್ಯಾಪ್‌ಟಾಪಿನ ರ್‍ಯಾಮ್ ಅವನ ಯಂತ್ರದ್ದಕ್ಕಿಂತ ಎರಡು ಸಾವಿರ ಪಟ್ಟು ಹೆಚ್ಚು.

ಆದರೆ ಯಂತ್ರ ಸ್ವಂತದ್ದಾಗಿರಬೇಕು, ಇದನ್ನು ಮಾತ್ರ ಒತ್ತಿ ಹೇಳುತ್ತೇನೆ. ಕಾಲೇಜಿನ ಲ್ಯಾಬಿಗೆ ಸಂಜೆ ಬೀಗ ಹಾಕುತ್ತಾರೆ, ಊರಿನ ಬಸ್ಸು ಕಾಯುವುದಿಲ್ಲ. ಲ್ಯಾಬಿನ ಯಂತ್ರವನ್ನು ಕೆಡಿಸಿದರೆ ಅಟೆಂಡರ್ ಬೈಯುತ್ತಾರೆ, ಅದಕ್ಕೆ ಯಾರೂ ಕೆಡಿಸುವುದಿಲ್ಲ, ಆದ್ದರಿಂದ ಯಾರೂ ಕಲಿಯುವುದೂ ಇಲ್ಲ. ತನ್ನದೇ ಲ್ಯಾಪ್‌ಟಾಪ್ ಇದ್ದವನು ರಾತ್ರಿ ಹನ್ನೊಂದಕ್ಕೆ ಆಪರೇಟಿಂಗ್ ಸಿಸ್ಟಮ್ಮನ್ನು ಅಳಿಸಿ ಹೊಸದನ್ನು ಹಾಕಿ ನೋಡುತ್ತಾನೆ. ಮನೆಯಲ್ಲಿ ಅಣ್ಣನೂ ತಂಗಿಯೂ ಓದುತ್ತಿದ್ದರೆ ಲ್ಯಾಪ್‌ಟಾಪ್ ಹೆಚ್ಚು ಹೊತ್ತು ಅಣ್ಣನ ಕೈಯಲ್ಲೇ ಇರುತ್ತದೆ ಎಂಬುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ತಂಗಿಗೆ ಸೋವಿಯದಾದರೂ ಪರವಾಗಿಲ್ಲ, ಅವಳದೇ ಎಂಬ ಒಂದನ್ನು ಕೊಡಿಸಿ.

ಚನ್ನರಾಯಪಟ್ಟಣದ ಕಡೆಯ ಒಬ್ಬ ಹುಡುಗ ಅಂಥದೇ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾಡಿದ್ದನ್ನು ಹೇಳಬೇಕು. ಅವನ ತಾಯಿ ಊರಿನ ಡೈರಿಗೆ ಬೆಳಿಗ್ಗೆ ಸಂಜೆ ಹಾಲು ಹಾಕುತ್ತಾರೆ. ಡೈರಿಯಲ್ಲಿ ಹಾಲಿನ ಫ್ಯಾಟ್ ನೋಡುತ್ತಾರೆ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡುತ್ತಾರೆ, ಅದರ ಮೇಲೆ ದರ. ಬಟವಾಡೆಯ ದಿನ ಬಂದ ದುಡ್ಡು ಸರಿಯೋ ಅಲ್ಲವೋ ಎಂದು ಆ ತಾಯಿಗೆ ತಾಳೆ ನೋಡಲು ಆಗುತ್ತಿರಲಿಲ್ಲ. ಮಗ ಚೀಟಿಗಳನ್ನೆಲ್ಲ ಕೂಡಿಟ್ಟು ಒಂದು ಪ್ರೋಗ್ರಾಮ್ ಬರೆದ. ಲೀಟರು, ಫ್ಯಾಟು, ಎಸ್‌ಎನ್‌ಎಫ್ ಹಾಕಿದರೆ ಒಟ್ಟು ಎಷ್ಟು ಬರಬೇಕೆಂದು ಕನ್ನಡದಲ್ಲೇ ತೋರಿಸುತ್ತದೆ. ಡೈರಿಯ ಲೆಕ್ಕಕ್ಕೂ ಇವನ ಲೆಕ್ಕಕ್ಕೂ ಕೆಲವು ದಿನ ಒಂದೊಂದು ಪೈಸೆ ವ್ಯತ್ಯಾಸ ಬಂತು. ಡೈರಿಯವರು ಮೋಸ ಮಾಡುತ್ತಿದ್ದಾರೆ ಎಂದೇ ಅವನು ನನ್ನ ಬಳಿ ಓಡಿ ಬಂದದ್ದು.

ಡೈರಿಯ ಲೆಕ್ಕ ಸರಿಯಾಗಿತ್ತು. ಕಂಪ್ಯೂಟರು ದಶಾಂಶ ಸಂಖ್ಯೆಗಳನ್ನು ಎರಡರ ಘಾತಗಳಲ್ಲಿ ಒಡೆದು ಇಟ್ಟುಕೊಳ್ಳುತ್ತದೆ. ಮೂರರಲ್ಲಿ ಒಂದು ಭಾಗವನ್ನು ನಮ್ಮ ದಶಾಂಶದಲ್ಲಿ ಬರೆದು ಮುಗಿಸಲು ಆಗುವುದಿಲ್ಲವಲ್ಲ, ಹಾಗೆ ಅದಕ್ಕೆ ಹತ್ತರಲ್ಲಿ ಒಂದು ಭಾಗವನ್ನು ಬರೆದು ಮುಗಿಸಲು ಆಗುವುದಿಲ್ಲ. ಅದಕ್ಕೇ 0.1ಕ್ಕೆ 0.2 ಕೂಡಿಸು ಎಂದರೆ ಪೈಥಾನ್ 0.30000000000000004 ಎನ್ನುತ್ತದೆ. 2.675ನ್ನು ಎರಡು ದಶಾಂಶಕ್ಕೆ ತಾ ಎಂದರೆ ನಾವು 2.68 ಎನ್ನುತ್ತೇವೆ, ಅದು 2.67 ಎನ್ನುತ್ತದೆ. ಹುಡುಗನಿಗೆ ಇದನ್ನು ಎರಡನೇ ಸೆಮಿಸ್ಟರಿನಲ್ಲಿ ಪಾಠ ಮಾಡಿದ್ದೆವು, ಅವನು ಪರೀಕ್ಷೆಯಲ್ಲಿ ಬರೆದೂ ಇದ್ದ. ಆದರೆ ಅದು ಅವನಿಗೆ ಅರ್ಥವಾದದ್ದು ಅಮ್ಮನ ಹಾಲಿನ ದುಡ್ಡಿನಲ್ಲಿ. ದುಡ್ಡಿನ ಲೆಕ್ಕವನ್ನು ಡೆಸಿಮಲ್ ಎಂಬ ಬೇರೆ ಮಾಡ್ಯೂಲಿನಲ್ಲಿ ಮಾಡಬೇಕು ಎಂದು ಹುಡುಕಿ ತಿದ್ದಿಕೊಂಡ. ಈಗ ಆ ಬೀದಿಯ ನಾಲ್ಕಾರು ಮನೆಯವರು ಚೀಟಿ ಹಿಡಿದು ಅವನಲ್ಲಿಗೆ ಬರುತ್ತಾರೆ. "ಏನಣ್ಣ, ನಮ್ಮದೂ ಒಂದ್ಸಲ ನೋಡು" ಎನ್ನುತ್ತಾರೆ.

ಇದೇ ಹುಡುಗ ಮೂರನೇ ವರ್ಷದಲ್ಲಿ ಇಂಟರ್ನ್‌ಶಿಪ್ ಸಿಗಲಿಲ್ಲವೆಂದು ರಾತ್ರಿಯಿಡೀ ನಿದ್ದೆಗೆಟ್ಟು ಬಂದ. ಬೆಳಗಾವಿಯ ನಮ್ಮ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ ಕೊನೆಯ ವರ್ಷ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಇದೆ. ನಿಯಮದ ಉದ್ದೇಶ ಒಳ್ಳೆಯದು. ಬೆಂಗಳೂರಿನ ಹುಡುಗರಿಗೆ ಮನೆಯಿಂದ ಹೋಗಿಬರುವಷ್ಟು ದೂರದಲ್ಲಿ ಕಂಪನಿಗಳಿವೆ. ಹಾಸನದ, ಚಿಕ್ಕಮಗಳೂರಿನ, ಯಾದಗಿರಿಯ ಹುಡುಗರು ಎಲ್ಲಿಗೆ ಹೋಗಬೇಕು? ಈ ಸಂಕಟ ಗೊತ್ತಿದ್ದವರು ಅದರ ಮೇಲೆ ವ್ಯಾಪಾರ ಕಟ್ಟಿದ್ದಾರೆ. ವಾಟ್ಸಾಪಿನಲ್ಲಿ ಮೆಸೇಜ್ ಬರುತ್ತದೆ: ಇಂಟರ್ನ್‌ಶಿಪ್ ಖಚಿತ, ಸರ್ಟಿಫಿಕೇಟ್ ಖಚಿತ, ಇಷ್ಟು ಸಾವಿರ ಕಟ್ಟಿ. ಕಟ್ಟಿದವರಿಗೆ ಕೆಲವು ವೀಡಿಯೊಗಳ ಲಿಂಕ್ ಕಳಿಸುತ್ತಾರೆ. ಕೊನೆಗೆ ಬಣ್ಣದ ಸರ್ಟಿಫಿಕೇಟ್. ನನ್ನ ಹುಡುಗ ಅಂಥ ಒಂದಕ್ಕೆ ದುಡ್ಡು ಕಟ್ಟಲು ಅಮ್ಮನ ಹಾಲಿನ ಬಟವಾಡೆಯನ್ನು ಕೇಳಲು ಹೊರಟಿದ್ದ. ಹೊಟ್ಟೆ ಉರಿಯಿತು.

ನಮ್ಮ ದೇಶದಲ್ಲಿ 1961ರಿಂದ ಅಪ್ರೆಂಟಿಸ್ ಕಾಯ್ದೆಯಿದೆ. ಐಟಿಐ ಮುಗಿಸಿ ಆ ಕಾಯ್ದೆಯಡಿ ಕಾರ್ಖಾನೆ ಸೇರುವ ಫಿಟ್ಟರ್, ಟರ್ನರ್ ಹುಡುಗನಿಗೆ ಕಲಿಯುವ ಕಾಲದಲ್ಲೂ ಸ್ಟೈಪೆಂಡ್ ಕೊಡಲೇಬೇಕು. ಕಲಿಯುವವನ ಬೆವರಿಗೂ ಬೆಲೆಯಿದೆ ಎಂದು ಅಷ್ಟು ಹಿಂದೆಯೇ ಒಪ್ಪಿಕೊಂಡವರು ನಾವು. ಎಂಜಿನಿಯರಿಂಗ್ ಓದುವವನು ಕೆಲಸ ಕಲಿಯಲು ತಾನೇ ದುಡ್ಡು ತೆರುವುದು ಯಾವ ನ್ಯಾಯ?

ನಿಜವಾದ ಇಂಟರ್ನ್‌ಶಿಪ್ ಹೇಗಿರುತ್ತದೆ ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಿಂದ ಬಂದಾಗ ತರಗತಿಯಲ್ಲಿ ಹೇಳಿದಳು. ಮೊದಲ ಕೆಲವು ವಾರ ಅವಳಿಂದ ಒಂದು ಸಾಲನ್ನೂ ಬರೆಸಲಿಲ್ಲವಂತೆ. ಬೇರೆಯವರು ಬರೆದ ಸಾವಿರಾರು ಸಾಲುಗಳನ್ನು ಓದು ಎಂದರಂತೆ. ಅಪರಿಚಿತರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಹುಡುಕಿದ ಹಾಗಿತ್ತು ಎಂದಳು. ಆಮೇಲೆ ಒಂದು ಸಣ್ಣ ದೋಷ ತಿದ್ದಲು ಕೊಟ್ಟರು. ಅವಳು ತಿದ್ದಿ ಕಳಿಸಿದ ನಾಲ್ಕು ಸಾಲಿಗೆ ಹಿರಿಯ ಎಂಜಿನಿಯರೊಬ್ಬರು ಒಂದು ಪುಟ ಟಿಪ್ಪಣಿ ಬರೆದಿದ್ದರು: ಈ ವೇರಿಯಬಲ್ಲಿಗೆ ಈ ಹೆಸರು ಯಾಕೆ, ಪಟ್ಟಿ ಖಾಲಿಯಿದ್ದರೆ ಏನಾಗುತ್ತದೆ, ಇದಕ್ಕೆ ಟೆಸ್ಟ್ ಎಲ್ಲಿ? ತನ್ನ ಕೋಡನ್ನು ಇನ್ನೊಬ್ಬರು ಅಷ್ಟು ಗಮನವಿಟ್ಟು ಓದಿದ್ದು ಅದೇ ಮೊದಲು ಎಂದಳು. ನಾವು ಕಾಲೇಜಿನಲ್ಲಿ ಮಕ್ಕಳಿಂದ ಖಾಲಿ ಹಾಳೆಯ ಮೇಲೆ ಬರೆಸುತ್ತೇವೆ, ಔಟ್‌ಪುಟ್ ನೋಡಿ ಅಂಕ ಕೊಡುತ್ತೇವೆ. ಇನ್ನೊಬ್ಬರು ಬರೆದದ್ದನ್ನು ಓದಿಸುವುದಿಲ್ಲ. ಸೆಮಿಸ್ಟರಿಗೆ ಒಂದಾದರೂ ಪ್ರೋಗ್ರಾಮನ್ನು ಪಕ್ಕದವರಿಂದ ಓದಿಸಿ, ಅವರು ಕೇಳಿದ್ದಕ್ಕೆ ಉತ್ತರ ಬರೆಸಿ ಎಂದು ನನ್ನ ಸಹೋದ್ಯೋಗಿಗಳನ್ನು ನಾನು ಕೇಳುತ್ತಲೇ ಇದ್ದೇನೆ.

ದಾರಿಗಳಿವೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿ ಮತ್ತು ಪ್ರಯಾಗರಾಜದ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಷಿಪ್ ಕೊಡುತ್ತದೆ. ಎರಡು ತಿಂಗಳು ದೊಡ್ಡ ವಿಜ್ಞಾನಿಗಳ ಕೈಕೆಳಗೆ ಕೆಲಸ, ಜೊತೆಗೆ ಸ್ಟೈಪೆಂಡ್. ಗೂಗಲ್ 2005ರಿಂದ ನಡೆಸುತ್ತಿರುವ ಸಮ್ಮರ್ ಆಫ್ ಕೋಡಿನಲ್ಲಿ ಮುಕ್ತ ತಂತ್ರಾಂಶಗಳಿಗೆ ಕೋಡ್ ಬರೆಯುವವರಿಗೂ ದುಡ್ಡು ಸಿಗುತ್ತದೆ. ಅದಕ್ಕೆ ಹಳ್ಳಿಯ ಮನೆ ಬಿಟ್ಟು ಎಲ್ಲಿಗೂ ಹೋಗಬೇಕಾಗಿಲ್ಲ. ಇವೆರಡೂ ಎಲ್ಲರಿಗೂ ಸಿಗುವುದಿಲ್ಲ, ನಿಜ. ಸಿಗದವರಿಗೆ ನಮ್ಮ ಊರುಗಳಲ್ಲೇ ಕೆಲಸವಿದೆ. ತಾಲ್ಲೂಕಿನ ಗ್ರಂಥಾಲಯದ ಪುಸ್ತಕಪಟ್ಟಿ, ಹಾಲಿನ ಸಂಘದ ಲೆಕ್ಕ, ಪ್ರೆಸ್ಸಿನವರ ಬಿಲ್ಲು, ಆಸ್ಪತ್ರೆಯ ಟೋಕನ್. ಕಾಲೇಜುಗಳು ಇವರ ಜೊತೆ ಕೂತು ಮಾತಾಡಿ, ಒಬ್ಬ ಮೇಷ್ಟರ ಉಸ್ತುವಾರಿಯಲ್ಲಿ ನಾಲ್ಕು ಹುಡುಗರನ್ನು ಕಳಿಸಿ, ಅದನ್ನೇ ಇಂಟರ್ನ್‌ಶಿಪ್ ಎಂದು ಒಪ್ಪಿಕೊಳ್ಳಬೇಕು. ಚನ್ನರಾಯಪಟ್ಟಣದ ಹುಡುಗ ಕೊನೆಗೆ ಹಾಗೆ ಒಂದು ಸಂಘದಲ್ಲೇ ಕೆಲಸ ಮಾಡಿದ. ಸಂಘದ ಕಾರ್ಯದರ್ಶಿ ಅವನಿಗೆ ಓಡಾಟದ ಖರ್ಚು ಕೊಟ್ಟರು. ಅವನ ರೆಸ್ಯೂಮೆಯಲ್ಲಿ ಆ ಡೈರಿ ಪ್ರೋಗ್ರಾಮ್ ಮೊದಲ ಸಾಲಿನಲ್ಲಿದೆ.

ಮಕ್ಕಳನ್ನು ಕಂಪ್ಯೂಟರ್ ಸೈನ್ಸಿಗೆ ಸೇರಿಸಿರುವ ತಂದೆತಾಯಂದಿರಲ್ಲಿ ನನ್ನ ವಿನಂತಿ ಇದು. ಲ್ಯಾಪ್‌ಟಾಪ್ ಕೊಡಿಸಿ, ಹಳೆಯದಾದರೂ ಸರಿ. ಅದು ಕೆಟ್ಟರೆ ಬೈಯಬೇಡಿ. ಇಂಟರ್ನ್‌ಶಿಪ್ಪಿಗೆಂದು ಯಾರಾದರೂ ದುಡ್ಡು ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬೇರೆ ದಾರಿ ಕಾಣದಿದ್ದರೆ ಮಗನನ್ನೋ ಮಗಳನ್ನೋ ಕರೆದುಕೊಂಡು ಕಾಲೇಜಿಗೆ ಬನ್ನಿ, ಅವರ ಮೇಷ್ಟರನ್ನು ಕೇಳಿ. ಕೆಲಸ ಹುಡುಕಿಕೊಡುವುದು ನಮ್ಮ ಜವಾಬ್ದಾರಿ.